ನೆರೆಮನೆಯಲ್ಲಿ ಉಳಿದ ಗಂಟು

ಸಿಂಧನೂರಿನಲ್ಲಿ ನಾನೀಗ ಬಾಡಿಗೆಗಿರುವ ಮನೆಯ ಪಕ್ಕದವರಲ್ಲಿಗೆ ಕಳೆದ ವಾರ ದಿನಪತ್ರಿಕೆ ಕೇಳಲು ಹೋಗಿದ್ದೆ. ಅವರ ಪಡಸಾಲೆಯ ಗೂಟಕ್ಕೆ ಬಿಳಿ ಬಟ್ಟೆಯ ಗಂಟೊಂದು ತೂಗುಬಿದ್ದಿತ್ತು. ಅದರಿಂದ ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು. ಟ್ರಂಕಿನ ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಬಟ್ಟೆಯ ವಾಸನೆ. ಯಾರದೆಂದು ಕೇಳಿದೆ. “ಎದುರು ಮನಿಯವರದ್ರಿ. ಪರಸ್ಥಾನ ಇಟ್ಟಾರ,” ಎಂದರು ಆ ಮನೆಯಾಕೆ. ನಾನು ಪತ್ರಿಕೆ ಕೇಳುವುದನ್ನೇ ಬಿಟ್ಟು ಹಿಂದಿರುಗಿದೆ...

ಪರಸ್ಥಾನ ನಮ್ಮ ಕಡೆಯ ಹಳೆಯ ರೂಢಿ. ಊರಿಗೆ ಹೊರಡಬೇಕಾದ ದಿನ ಪಂಚಾಂಗದ ಪ್ರಕಾರ ಒಳ್ಳೆಯದಲ್ಲದಿದ್ದರೆ, ಅದಕ್ಕೂ ಮೊದಲಿನ ಒಳ್ಳೆಯ ದಿನ ಸಾಮಾನಿನ ಒಂದು ಗಂಟನ್ನು ನೆರೆಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊಸ್ತಿಲು ದಾಟಿದರೆ ಪ್ರಯಾಣ ಆರಂಭವಾದಂತೆಯೇ. ಮರುದಿನ ಹೋಗುವಾಗ ಅದನ್ನು ಎತ್ತಿಕೊಂಡು ಮುಂದೆ ನಡೆಯಬೇಕು. ಲಿಂಗಸುಗೂರಿನ ನಮ್ಮ ಮನೆಯಲ್ಲಿ ಈ ರೂಢಿಯನ್ನು ಕೊನೆಯವರೆಗೂ ಬಿಡದೆ ಪಾಲಿಸಿದವಳು ದೊಡ್ಡವ್ವ.

ಆಕೆ ನನ್ನ ತಂದೆಯ ಅಣ್ಣನ ಹೆಂಡತಿ. ಗಂಡ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದಳು. ಅಕ್ಷರ ಅಷ್ಟಾಗಿ ಬಾರದು. ಪಂಚಾಂಗವನ್ನು ನನ್ನಿಂದಲೇ ಓದಿಸುತ್ತಿದ್ದಳು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದು ಬಂದವಳು. ಜನರ ತಲೆಯೊಳಗಿನ ಕತ್ತಲೆಯನ್ನು ವಾದದಿಂದ ಓಡಿಸಬಹುದೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಆದ್ದರಿಂದ ತಿಥಿ ವಾರಗಳನ್ನು ಓದುವಾಗಲೂ ಪ್ರತಿ ಸಾಲಿಗೆ ಒಂದು ಖಂಡನೆಯನ್ನು ಸೇರಿಸುತ್ತಿದ್ದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, “ಆತಲ್ಲ ನಿಂದು? ಈಗ ರಾಹುಕಾಲ ಯಾವಾಗೈತಿ ಹೇಳು,” ಎನ್ನುತ್ತಿದ್ದಳು.

ವೇದಿಕೆಯ ಮೇಲೆ ನನ್ನ ಜೋಡಿಯಾಗಿದ್ದ ಗೆಳತಿ ಬಳಗಾನೂರಿನವಳು. ಓದಲೆಂದು ಬಂದು ಮೂರು ವರ್ಷ ನಮ್ಮ ಮನೆಯಲ್ಲಿಯೇ ಇದ್ದಳು. ಎರಡನೆಯ ವರ್ಷದಲ್ಲಿ ಅವಳ ತಾಯಿ ಕಾಯಿಲೆ ಬಿದ್ದರು. ನಾವಿಬ್ಬರೂ ಪರೀಕ್ಷೆ ಬರೆಯುತ್ತಿದ್ದಾಗ ಆಸ್ಪತ್ರೆಯಲ್ಲಿ ಅವರ ಪಕ್ಕ ಕುಳಿತಿದ್ದವಳು ದೊಡ್ಡವ್ವ. ಕೊನೆಯ ದಿನಗಳಲ್ಲಿ ಆ ತಾಯಿ ತಮ್ಮ ಮದುವೆಯ ಇಳಕಲ್ ಸೀರೆಯನ್ನು ತರಿಸಿ ದೊಡ್ಡವ್ವನ ಕೈಗೆ ಕೊಟ್ಟರು. ಮಗಳ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅದು ಅವಳ ಮೈಮೇಲೆ ಇರಬೇಕೆಂದು ಕೇಳಿಕೊಂಡರು. ದೊಡ್ಡವ್ವ ಮಾತು ಕೊಟ್ಟಳು. ಸೀರೆ ನಮ್ಮ ಟ್ರಂಕು ಸೇರಿತು.

ಕೆಲವು ವರ್ಷಗಳ ಮೇಲೆ ಗಂಗಾವತಿಯಲ್ಲಿ ಗೆಳತಿಯ ಮದುವೆ ನಿಶ್ಚಯವಾಯಿತು. ಸರಳ ವಿವಾಹ, ಮುಹೂರ್ತವಿಲ್ಲ, ಅಕ್ಕಿಯ ಬದಲು ಹೂವಿನ ಎಸಳು, ಮಂತ್ರದ ಬದಲು ನನ್ನ ಭಾಷಣ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರನ್ನು ಅಚ್ಚು ಹಾಕಿಸಿದ್ದರು. ಸಿಂಧನೂರಿಗೆ ರೈಲು ಬಂದು ಆಗ ಹೆಚ್ಚು ದಿನಗಳಾಗಿರಲಿಲ್ಲ. ದೊಡ್ಡವ್ವ ಅದುವರೆಗೆ ರೈಲು ಹತ್ತಿದವಳಲ್ಲ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿನವರೆಗೆ ಬಸ್ಸು, ಅಲ್ಲಿಂದ ರೈಲು ಎಂದು ತಂದೆ ನಿರ್ಧರಿಸಿದರು. ಮದುವೆಯ ಹಿಂದಿನ ದಿನವೇ ತಂದೆ, ತಾಯಿ, ದೊಡ್ಡವ್ವ, ನಾನು ನಾಲ್ವರೂ ಹೊರಡುವುದೆಂದಾಯಿತು. ಆ ದಿನ ಮಾತ್ರ ದೊಡ್ಡವ್ವನಿಗೆ ಹೊಂದಲಿಲ್ಲ.

“ನಾಳಿ ದಿನ ಚಲೋ ಇಲ್ಲಬೇ. ಇವತ್ತ ಒಂದು ಗಂಟು ಹೊರಗ ಇಡೋಣು. ಇವತ್ತ ಹೊಂಟಂಗ ಆಕ್ಕೈತಿ.”

“ಗಂಟು ಹೊಂಟರ ನಾವು ಹೊಂಟಂಗೇನು ದೊಡ್ಡವ್ವ? ಹಂಗಾದ್ರ ಗಂಟ ಒಂದ ಹೋಗಿ ಮದುವಿ ಉಂಡು ಬರಲಿ ಬಿಡು.”

“ನಿನ್ನ ಬಾಯಿಗೆ ಕಾಲೇಜಿನ್ಯಾಗ ಬಹುಮಾನದ ಕಪ್ಪು ಕೊಟ್ಟಾರ, ನಾ ಎಲ್ಲಿ ಗೆಲ್ಲಲಿ? ನಾಳಿ ಹೋಗೂಮುಂದ ನೀನ ಅದನ್ನ ತೊಗೊಂಡು ಬಾ. ಅಷ್ಟ ಮಾಡು ಸಾಕು.”

ಶುಭ ಪ್ರಯಾಣದ ಗಂಟಿನಲ್ಲಿ ಇಡಲು ಶುಭದ ವಸ್ತುವೇ ಬೇಕೆಂದು ಆಕೆ ಆ ಸೀರೆಯನ್ನೇ ಕಟ್ಟಿದ್ದಳು. ಜೊತೆಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಅರಿಶಿನಕೊಂಬು. ನನಗೆ ಇದು ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಹೇಳಿಕೊಳ್ಳಲು ಸಾಧ್ಯವಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ನಾನು ಭಾಷಣದ ಹಾಳೆಗಳನ್ನು ಕೈಯಲ್ಲಿ ಹಿಡಿದು, ವಾಕ್ಯಗಳನ್ನು ಬಾಯಲ್ಲಿ ತಿರುವಿಹಾಕುತ್ತ, ನೆರೆಮನೆಯ ಬಾಗಿಲ ಮುಂದಿನಿಂದಲೇ ನಡೆದು ಬಸ್ ನಿಲ್ದಾಣ ತಲುಪಿದೆ. ಬೇಕೆಂದು ಬಿಟ್ಟು ಹೋದೆನೇ? ಇಲ್ಲ. ಆದರೆ ಮನಸ್ಸು ತಾನು ತುಚ್ಛವೆಂದು ತೀರ್ಮಾನಿಸಿದ್ದನ್ನು ನೆನಪಿಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಮರೆವಿಗೂ ಒಂದು ಪಕ್ಷಪಾತವಿದೆ ಎಂಬುದು ನನಗೆ ಅಂದು ತಿಳಿಯಿತು.

ಸಿಂಧನೂರಿನ ಹೊಸ ನಿಲ್ದಾಣದಲ್ಲಿ ಜನ ರೈಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತಾಯಿ ಸಾಮಾನು ಎಣಿಸುತ್ತಿದ್ದಾಗ ದೊಡ್ಡವ್ವ ನನ್ನತ್ತ ತಿರುಗಿ, “ಗಂಟು ಎಲ್ಲೈತಿ?” ಎಂದಳು. ನನ್ನ ಕೈಯಲ್ಲಿ ಭಾಷಣದ ಹಾಳೆಗಳಷ್ಟೇ ಇದ್ದವು. ತಂದೆ ನೆರೆಮನೆಗೆ ಮತ್ತೆ ಮತ್ತೆ ಕರೆ ಮಾಡಿದರು. ಯಾರಾದರೂ ಗಂಟನ್ನು ಮುಂದಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕಾಗುತ್ತಿತ್ತು. ಅತ್ತ ಯಾರೂ ಫೋನು ಎತ್ತಲಿಲ್ಲ.

“ಅಕ್ಕಾ, ಸೀರಿ ಆಮ್ಯಾಲ ಕೊಟ್ಟರ ಆಗಂಗಿಲ್ಲೇನು?” ಎಂದಳು ತಾಯಿ.

“ಅಕ್ಷತಿ ಬಿದ್ದ ಮ್ಯಾಲ ಕೊಟ್ಟರ ಅದು ಬರೇ ಸೀರಿ. ಹುಡುಗಿ ಅವ್ವಗ ನಾ ಹೇಳಿದ್ದು ಅದಲ್ಲ.”

ತಂದೆ ತಾವು ಹೋಗುತ್ತೇನೆಂದರು. ಮಾತು ಕೊಟ್ಟವಳು ತಾನು, ತಾನೇ ಹೋಗುತ್ತೇನೆಂದು ಆಕೆ ಅವರನ್ನು ತಡೆದಳು. ನಾನೂ “ನಾ ಹೋಗ್ತೀನಿ ದೊಡ್ಡವ್ವ” ಎಂದೆ. ಒಮ್ಮೆ ಮಾತ್ರ, ಅದೂ ಸಣ್ಣ ಧ್ವನಿಯಲ್ಲಿ.

“ನೀ ಹೋದ್ರ ಅಲ್ಲಿ ಮಾತಾಡೋರ್ಯಾರು? ನಿನ್ನ ಹೆಸರು ಪತ್ರಿಕಿಯೊಳಗ ಹಾಕ್ಯಾರ. ಹತ್ತು, ರೈಲು ಬಿಡಾಕತ್ತೈತಿ. ನಾ ನಾಳಿ ಅಕ್ಷತಿಯೊಳಗ ಬಂದು ಮುಟ್ಟತೀನಿ.”

ನಾನು ಹತ್ತಿದೆ. ಕಿಟಕಿಯಿಂದ ನೋಡಿದಾಗ ಆಕೆ ಆಗಲೇ ಬೆನ್ನು ತಿರುಗಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ರಸ್ತೆಯ ಕಡೆ ನಡೆಯುತ್ತಿದ್ದಳು. ಆಕೆಯ ಬಳಿ ಮೊಬೈಲ್ ಇರಲಿಲ್ಲ.

ಮರುದಿನ ಗೆಳತಿ ಅರ್ಧ ಗಂಟೆ ಕಾಯಿಸಿದಳು. ಮತ್ತೆ ಅರ್ಧ ಗಂಟೆ. ಮುಹೂರ್ತವಿಲ್ಲದ ಮದುವೆಯಾದರೂ ಬಂದವರಿಗೆ ಹಸಿವಿತ್ತು. ಮರಳಿ ಹೋಗುವ ಬಸ್ಸುಗಳಿದ್ದವು. ಕೊನೆಗೆ ಅವಳು ಅಂಗಡಿಯಿಂದ ತಂದ ಹೊಸ ಸೀರೆಯುಟ್ಟು ವೇದಿಕೆಗೆ ಬಂದಳು. ನಾನು ಮೈಕಿನ ಮುಂದೆ ನಿಂತೆ. ಕುರುಡು ನಂಬಿಕೆಗಳ ಕುರಿತ ನನ್ನ ಭಾಷಣದ ಎರಡನೆಯ ಹಾಳೆಯಲ್ಲಿ ಒಂದು ಉದಾಹರಣೆ ಇತ್ತು. ಗಂಟು ನೆರೆಮನೆಗೆ ಹೋದ ದಿನವೇ ಬರೆದದ್ದು: ತಾನು ಹೊರಡುವ ಮೊದಲು ಗಂಟನ್ನು ಹೊರಡಿಸುವ ಮುದುಕಿಯ ಕಥೆ. ಅದನ್ನು ಬಿಟ್ಟು ಮೂರನೆಯ ಹಾಳೆಗೆ ಹೋಗಬಹುದಿತ್ತು. ನಾನು ಬಿಡಲಿಲ್ಲ. ಕಲಿತ ಭಾಷಣ ತಾನೇ ನಡೆದುಹೋಗುತ್ತದೆ. ಸಭೆ ನಕ್ಕಿತು; ಚಪ್ಪಾಳೆಯೂ ಬಿತ್ತು. ಪಕ್ಕದಲ್ಲಿ ಕುಳಿತಿದ್ದ ಗೆಳತಿ ಮಾತ್ರ ತಲೆ ತಗ್ಗಿಸಿ ತನ್ನ ಹೊಸ ಸೀರೆಯ ಅಂಚನ್ನು ನೋಡುತ್ತಿದ್ದಳು. ಆಮೇಲೆ ಹೂವಿನ ಎಸಳು ಬಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡವ್ವ ಬಂದಳು. ಶಾಮಿಯಾನ ಬಿಚ್ಚುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಆಕೆಯ ಸೀರೆಯ ಅಂಚು ಮೊಣಕಾಲಿನವರೆಗೆ ಧೂಳಾಗಿತ್ತು. ಎದೆಗವಚಿಕೊಂಡಿದ್ದ ಗಂಟು ಮಾತ್ರ ಬೆಳ್ಳಗಿತ್ತು. ಗೆಳತಿ ಓಡಿ ಬಂದು ಗಂಟನ್ನು ಇಸಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತಾಯಿಯ ಸೀರೆಯುಟ್ಟು, ಗಂಟಿನಲ್ಲಿದ್ದ ಅಕ್ಕಿ ಕೊಬ್ಬರಿ ಹಿಡಿದು ಹೊರಬಂದು, ಪೇರಿಸಿದ್ದರಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತಳು.

“ದೊಡ್ಡವ್ವ, ನನ್ನ ಮದುವಿ ಈಗ. ಉಡಿ ತುಂಬು.”

ಉಡಿ ತುಂಬಬೇಕಾದ ಮುತ್ತೈದೆಯರೆಲ್ಲ ಉಂಡು ಹೋಗಿದ್ದರು. ದೊಡ್ಡವ್ವ ಅವಳ ಮುಂದೆ ಬಂದು ನಿಂತಳು.

“ನನ್ನಂಥಾಕಿ ತುಂಬಬಾರದಂತ ನನಗೂ ಗೊತ್ತೈತಿ, ಯವ್ವಾ. ಆದ್ರ ನಿಮ್ಮವ್ವ ನನಗ ಹೇಳ್ಯಾಳ, ಮತ್ಯಾರಿಗೂ ಹೇಳಿಲ್ಲ. ಬಾ, ಸೆರಗು ಒಡ್ಡು.”

ಗಂಡನಿಲ್ಲದ ಹೆಣ್ಣು ಮಂಗಳಕಾರ್ಯದಿಂದ ದೂರವಿರಬೇಕೆಂಬ ಕಟ್ಟಳೆಯ ವಿರುದ್ಧ ನಾನು ಎಷ್ಟೋ ವೇದಿಕೆಗಳಲ್ಲಿ ವಾದಿಸಿದ್ದೆ. ನಮ್ಮ ಮನೆಯಲ್ಲಿದ್ದ ದೊಡ್ಡವ್ವನ ಕೈಗೆ ಒಂದು ದಿನವೂ ಅರಿಶಿನದ ಬಟ್ಟಲು ಕೊಟ್ಟಿರಲಿಲ್ಲ. ಆಕೆ ವಾದಿಸಲಿಲ್ಲ. ಧೂಳಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು. ಮದುಮಗ ಬಂದು ಹೆಂಡತಿಯ ಪಕ್ಕ ನಿಂತ. ಶಾಮಿಯಾನದ ಹಗ್ಗ ಸುತ್ತುತ್ತಿದ್ದ ಆಳುಗಳೂ ಕೆಲಸ ನಿಲ್ಲಿಸಿ ನೋಡಿದರು.

“ನಿಂತು ಏನ್ ನೋಡ್ತೀಬೇ? ಅಕ್ಷತಿ ಹಾಕು,” ಎಂದು ಆಕೆ ನನ್ನ ಅಂಗೈಗೂ ನಾಲ್ಕು ಕಾಳು ಸುರಿದಳು.

ಹಾಕಿದೆ. ನಂಬಿ ಹಾಕಿದೆನೋ, ದಣಿದು ಹಾಕಿದೆನೋ, ಇಂದಿಗೂ ಹೇಳಲಾರೆ.

ಮರುದಿನ ಎಲ್ಲರೂ ರೈಲಿನಲ್ಲಿ ಮರಳಿದೆವು. ದೊಡ್ಡವ್ವನಿಗೆ ಅದು ಮೊದಲ ರೈಲು. ಕಿಟಕಿಯ ಬಳಿ ಕೂರಿಸಿದೆವು. ಹೊರಗೆ ಕಾಲುವೆ, ನೀರು ನಿಂತ ಗದ್ದೆಗಳು, ಸಸಿ ನೆಡುವ ಹೆಣ್ಣುಮಕ್ಕಳು... ಆಕೆ ಯಾವುದನ್ನೂ ನೋಡಲಿಲ್ಲ. ಕಾರಟಗಿ ಬರುವ ಮೊದಲೇ ಬಾಯಿ ತೆರೆದು ನಿದ್ದೆ ಹೋದಳು. ನಾನು ಎದುರಿಗೆ ಕುಳಿತಿದ್ದೆ. ಭಾಷಣದ ವಿಷಯ ಹೇಳಿ ಕ್ಷಮೆ ಕೇಳಬೇಕೆಂದು ವಾಕ್ಯ ಜೋಡಿಸಿಕೊಂಡೆ; ಎಬ್ಬಿಸಲು ಮನಸ್ಸಾಗಲಿಲ್ಲ. ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಮನೆಯಲ್ಲಿ ಬೇರೆ ಕೆಲಸಗಳಿದ್ದವು. ಆಕೆ ಒಂದು ದಿನವೂ ಆ ಗಂಟಿನ ಮಾತೆತ್ತಿ ನನ್ನನ್ನು ಚುಚ್ಚಲಿಲ್ಲ. ಮುಂದಿನ ವರ್ಷದ ಚಳಿಗಾಲದಲ್ಲಿ, ನಾಲ್ಕೇ ದಿನದ ಜ್ವರಕ್ಕೆ, ತೀರಿಕೊಂಡಳು.

ನಾನು ಈಗಲೂ ಭಾಷಣ ಮಾಡುತ್ತೇನೆ. ಮೌಢ್ಯ ತೊಲಗಬೇಕೆಂಬ ನಂಬಿಕೆ ಬದಲಾಗಿಲ್ಲ. ಪಂಚಾಂಗ ಸುಳ್ಳೆಂದೇ ಈಗಲೂ ಹೇಳುತ್ತೇನೆ. ಆದರೆ ಜನ ನಗುವ ಉದಾಹರಣೆಯನ್ನು ಹುಡುಕುವಾಗ ನಾಲಿಗೆ ದಣಿಯುತ್ತದೆ.

ಮೊನ್ನೆ ಗೆಳತಿ ತನ್ನ ಮಗಳೊಂದಿಗೆ ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ ಇದ್ದಕ್ಕಿದ್ದಂತೆ ಕೇಳಿದಳು: “ಅವತ್ತ ದೊಡ್ಡವ್ವ ಹೆಂಗ ಬಂದಿದ್ಲು? ಏನಾರ ಹೇಳಿದ್ಲೇನು ನಿನ್ನ ಮುಂದ?”

ನನಗೆ ತಿಳಿದದ್ದು ಲಿಂಗಸುಗೂರಿನ ನೆರೆಮನೆಯಾಕೆ ಆಮೇಲೆ ಹೇಳಿದ್ದಷ್ಟೇ. ಅವರು ಅಂದು ಫೋನನ್ನು ಒಳಗೇ ಮರೆತು, ಮನೆಗೆ ಬೀಗ ಹಾಕಿ ಮಸ್ಕಿಯ ಅಕ್ಕನ ಮನೆಗೆ ಹೋಗಿದ್ದರಂತೆ. ದೊಡ್ಡವ್ವ ಲಿಂಗಸುಗೂರಿಗೆ ಹೋಗಿ ಬೀಗ ನೋಡಿ, ಓಣಿಯವರನ್ನು ಕೇಳಿ ತಿಳಿದು, ಬೆಳಗ್ಗೆ ಮಸ್ಕಿಗೆ ಬಂದು ಕೀಲಿ ಪಡೆದು, ಮತ್ತೆ ಲಿಂಗಸುಗೂರಿಗೆ ಹೋಗಿ ಗಂಟು ತೆಗೆದುಕೊಂಡು, ಕೀಲಿ ಮರಳಿಸಲು ಮಸ್ಕಿಯಲ್ಲಿ ಇಳಿದಳಂತೆ. ಉಣ್ಣು ಎಂದರೆ ಕುಳಿತುಕೊಳ್ಳಲೂ ಇಲ್ಲವಂತೆ.

ಅಲ್ಲಿಂದ ಮುಂದೆ ಗೊತ್ತಿಲ್ಲ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೇ, ನಿಂತೇ ಬಂದಳೇ? ಎಲ್ಲಾದರೂ ನೀರು ಕುಡಿದಳೇ? ಅಕ್ಷತೆಯ ಹೊತ್ತು ಮೀರಿತೆಂದು ಯಾವ ಊರು ದಾಟುವಾಗ ಆಕೆಗೆ ಅರಿವಾಯಿತು? ಅರಿವಾದ ಮೇಲೂ ಏಕೆ ಇಳಿದು ಮರಳಲಿಲ್ಲ? ಆ ಮದುವೆಯಾದ ಮೇಲೆ ಒಂದೂವರೆ ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕುಳಿತು ಉಂಡೆವು. ಪ್ರಶ್ನೆ ಕೇಳುವುದನ್ನೇ ವಿದ್ಯೆಯೆಂದು ಕಲಿತ ನಾನು ಇವುಗಳಲ್ಲಿ ಒಂದನ್ನೂ ಕೇಳಲಿಲ್ಲ.

“ಗೊತ್ತಿಲ್ಲ,” ಎಂದೆ ಗೆಳತಿಗೆ. ಅವಳು ಚಹಾದ ಲೋಟವನ್ನು ಕೆಳಗಿಟ್ಟು, ಮಗಳ ಕೂದಲು ಸರಿಮಾಡುತ್ತ ಕುಳಿತಳು.