ಒಪ್ಪಂದಕ್ಕೆ ಕಾದ ಮೆಣಸಿನಕಾಯಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರಿಯೊಬ್ಬರ ಗುಮಾಸ್ತನಾಗಿದ್ದೆ. ಸಾವಕಾರರು ವಿಜಾಪುರದ ಕಡೆಯವರು, ನಾನೂ ಅಷ್ಟೇ. ಇಂಗ್ಲಿಷ್ ಬರುತ್ತದೆ ಎಂಬ ಅಪವಾದವೂ ನನ್ನ ಮೇಲಿತ್ತು. ವರ್ಷಗಳೇ ಕಳೆದರೂ ನೌಕರಿ ಕಾಯಂ ಆಗಿರಲಿಲ್ಲ. ಕಾಯಂ ಆಗದವನಿಗೆ ಹೆಣ್ಣು ಕೊಡುವ ಧೈರ್ಯವಂತರು ಪುಣೆಯಲ್ಲೂ ಇರಲಿಲ್ಲ, ವಿಜಾಪುರದಲ್ಲೂ ಇರಲಿಲ್ಲ.

ಹೀಗಾಗಿ ನನ್ನ ಮದುವೆ ಸಮುದ್ರದಾಚೆಯ ಒಂದು ಪುಟ್ಟ ದೇಶದ ಕೈಯಲ್ಲಿತ್ತು. ಅದು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ಸೇರಿದರೆ ಅಲ್ಲಿ ಮೆಣಸಿನಕಾಯಿಯ ಸುಂಕ ಇಳಿಯುತ್ತದೆ, ನಮ್ಮ ಮಾಲು ಹಡಗು ಹತ್ತುತ್ತದೆ. "ಅವ್ರು ಸೇರಿದ ದಿನಾನ ನೀ ಕಾಯಂ," ಎಂದಿದ್ದರು ಸಾವಕಾರರು.

ಆ ದೇಶದ ರಾಜತಾಂತ್ರಿಕರೊಬ್ಬರು ಮಾರುಕಟ್ಟೆ ನೋಡಲು ಬಂದಾಗ ಸಾವಕಾರರು ಅವರನ್ನು ಮನೆಗೇ ಊಟಕ್ಕೆ ಕರೆದರು. ಒಪ್ಪಂದಕ್ಕೆ ಸೇರುತ್ತೀರಾ ಎಂದು ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿದರು. ಅತಿಥಿ ಬಹಳ ಹೊತ್ತು, ಬಹಳ ನಯವಾಗಿ ಮಾತಾಡಿದರು.

"ತಾತ್ವಿಕ ಒಪ್ಪಿಗೆ ಅದ ಅಂತ್ರಿ. ಆದ್ರ ಕಾಲ ಪಕ್ವ ಆಗಬೇಕಂತ. ಸದ್ಯಕ್ಕ ಬ್ಯಾಡ ಅಂತಾರ್ರಿ," ಎಂದೆ.

ಸಾವಕಾರರು ನಕ್ಕರು. "ಹುಚ್ಚ ಅದಿ ನೀ. ಮರ್ಯಾದಸ್ತರು ಮೊದಲನೇ ಸಲಕ್ಕ ಹೂಂ ಅಂತಾರೇನು?"

ನಮ್ಮ ಕಡೆ ಉಣ್ಣುವವರು ಸಾಕು ಅನ್ನಬೇಕು, ಬಡಿಸುವವರು ಕೇಳಿಸದವರಂತೆ ಬಡಿಸಬೇಕು. ಬೇಡ ಅಂದದ್ದನ್ನು ನಂಬಿ ಹೋಳಿಗೆ ಪಾತ್ರೆ ಮುಂದಕ್ಕೊಯ್ದರೆ ಇಡೀ ಮನೆತನಕ್ಕೇ ಕೆಟ್ಟ ಹೆಸರು. ಸಾವಕಾರರ ವಿದೇಶಾಂಗ ನೀತಿಯೂ ಇದೇ ಆಗಿತ್ತು. ತಟ್ಟೆಗೆ ಅಡ್ಡ ಹಿಡಿದ ಆ ಮಹಾಶಯರ ಕೈ ಸರಿಸಿ ಇನ್ನೊಂದು ಶೇಂಗಾ ಹೋಳಿಗೆ ಹಾಕಿದರು. ಪಾಪ, ತಿಂದರು.

"ನೋಡಿದೇನು? ದೇಶಾನೂ ಹಿಂಗ ಒಪ್ಪತದ."

ಮರುವಾರವೇ ದೊಡ್ಡ ಗೋದಾಮು ಬಾಡಿಗೆ ಹಿಡಿದು ಮೆಣಸಿನಕಾಯಿ ತುಂಬಿಸಿದರು. ನಾನೂ ಊರಿಗೆ ಹೋಗಿ ಒಂದು ಹೆಣ್ಣು ನೋಡಿಕೊಂಡು ಬಂದೆ. ಆ ದೇಶ ವಿಚಾರ ಮಾಡಿತು. ನೆರೆಯ ದೇಶಗಳ ಮುಖ ನೋಡಿ ಮತ್ತೆ ವಿಚಾರ ಮಾಡಿತು. ಅಷ್ಟರಲ್ಲಿ ಮಳೆಗಾಲ ಬಂತು. ಮೆಣಸಿನಕಾಯಿಗೆ ಅಷ್ಟೆಲ್ಲ ಸಂಯಮ ಎಲ್ಲಿಯದು, ಬೂಷ್ಟು ಹಿಡಿಯಿತು. ಒಪ್ಪಂದಕ್ಕೆ ಸದ್ಯ ಸೇರುವುದಿಲ್ಲ ಎಂದು ಆ ದೇಶ ಹೇಳಿದ ಸುದ್ದಿ ಕಡೆಗೆ ಪತ್ರಿಕೆಯಲ್ಲಿ ಬಂತು. ಅದನ್ನು ನಾವು ಹೋಳಿಗೆ ಸಮೇತ ಮೊದಲೇ ಕೇಳಿದ್ದೆವು.

ಹೆಣ್ಣಿನ ಕಡೆಯವರು ಅವಸರ ಮಾಡುತ್ತಿದ್ದರು. ತಡೆಯಲಾರದೆ ಕೇಳಿಯೇಬಿಟ್ಟೆ: "ಸಾವಕಾರ್ರ, ನನ್ನ ಕಾಯಂ ಮಾಡೂದು?"

ಅವರು ಗಾದಿಯ ಮೇಲೆ ನೆಟ್ಟಗೆ ಕೂತರು. "ತಾತ್ವಿಕ ಒಪ್ಪಿಗೆ ಅದನಪಾ. ಆದ್ರ ಕಾಲ ಪಕ್ವ ಆಗಬೇಕು."

ನನಗೆ ಮೈಯೆಲ್ಲ ಉರಿಯಿತು. ಆ ಮಾತನ್ನು ಅವರಿಗೆ ಕನ್ನಡದಲ್ಲಿ ತಂದುಕೊಟ್ಟವನು ನಾನೇ.

ಮಧ್ಯಾಹ್ನ ಅವರು ಊಟದ ಡಬ್ಬಿ ಬಿಚ್ಚಿ, ಶೇಂಗಾ ಹೋಳಿಗೆಯನ್ನು ನನ್ನತ್ತ ಚಾಚಿದರು. ರೂಢಿಯಂತೆ "ಬ್ಯಾಡ್ರಿ" ಎಂದು, ಅವರು ಒತ್ತಾಯ ಮಾಡುವುದಕ್ಕೆ ಕಾದೆ.

ಅವರು ಡಬ್ಬಿ ಮುಚ್ಚಿದರು.