ಹೊರಗೆ ಹೋಗೋರು ಬೀಗ ಹಾಕ್ಬೇಕು

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಅಕ್ಕ. ಅವಳಿಗಿಂತ ಎಷ್ಟೋ ದೊಡ್ಡವರಾದ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರೂ ಅಕ್ಕ ಎಂದೇ ಕರೆಯುತ್ತಿದ್ದರು. ಕರೆದು ಒಂದು ನಿಟ್ಟುಸಿರನ್ನು ಸೇರಿಸುತ್ತಿದ್ದರು. ಯಾಕೆಂದರೆ ಅಕ್ಕ ತ್ಯಾಗಮಯಿ. ಮದುವೆ ಬೇಡವೆಂದು, ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು, ಪರದೆ, ದಿಂಬಿನ ಚೀಲ ಹೊಲಿಯುತ್ತ ತಮ್ಮನನ್ನು ಸಾಕಿದವಳು. ತ್ಯಾಗದ ಮಾತು ಬಂದಾಗ ಅಕ್ಕ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳು. ಆದರೆ ಆ ಮಾತು ಮುಗಿಯುವವರೆಗೆ ಮೆಷಿನ್ ನಿಲ್ಲಿಸಿಯೇ ಕೇಳುತ್ತಿದ್ದಳು.

ತಮ್ಮನನ್ನು ಎಲ್ಲರೂ ಪಾಪು ಎನ್ನುತ್ತಿದ್ದರು. ಪಾಪುವಿನ ಮೀಸೆ ಆಗಲೇ ಅರ್ಧ ನೆರೆತಿತ್ತು. ಅವನದು ಆಟಿಸಂ ಎಂದು ಡಾಕ್ಟರೊಬ್ಬರು ಹೆಸರಿಟ್ಟದ್ದು ಆ ಮೀಸೆ ಬಂದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ನೆಂಟರು ಬಾಯಿಗೆ ಬಂದ ಹೆಸರನ್ನೆಲ್ಲ ಇಟ್ಟು ಮುಗಿಸಿದ್ದರು. ಅವನಿಗೆ ಗದ್ದಲ ಆಗದು. ಒಮ್ಮೆ ಹೇಳಿದ ನಿಯಮವನ್ನು ತಾನು ಮೀರುವವನಲ್ಲ, ಬೇರೆಯವರು ಮೀರಲು ಬಿಡುವವನೂ ಅಲ್ಲ.

ಅಮ್ಮ ತೀರಿಕೊಂಡ ವರ್ಷ ಪಾಪು ಒಂದು ದಿನ ಯಾರದೋ ಅಂಗಳಕ್ಕೆ ಹೋಗಿ, ನೀರೆತ್ತುವ ಪಂಪನ್ನು ನೋಡುತ್ತ ನಿಂತ. ಯಾರು ನೀನು ಎಂದರೆ ಮಾತಾಡಲಿಲ್ಲ. ಕಳ್ಳನೆಂದು ಹೊಡೆದರು. ತುಟಿ ಒಡೆದುಕೊಂಡು ಬಂದ ತಮ್ಮನನ್ನು ಕಂಡ ಅಕ್ಕ ಅಂದೇ ಬೀಗ ತಂದಳು, ಹಿತ್ತಿಲ ಬಾಗಿಲಿಗೆ ಮೊಳೆ ಹೊಡೆಸಿದಳು. ಎರಡು ಕೀಲಿಯಲ್ಲಿ ಒಂದು ಅವನ ಕೈಗೆ ಸಿಗದಿರಲೆಂದು ಚರಂಡಿಗೆ ಹೋಯಿತು, ಇನ್ನೊಂದು ಅವಳ ಕೊರಳಿಗೆ. ಮನೆಗೊಂದು ಕಾನೂನು ಬಂತು: "ಹೊರಗೆ ಹೋಗೋರು ಬೀಗ ಹಾಕ್ಬೇಕು. ಬೀದಿ ಒಳ್ಳೇದಲ್ಲ." ಹೊರಗೆ ಹೋಗುವವಳು ಅವಳೊಬ್ಬಳೇ ಆದ್ದರಿಂದ ಕಾನೂನಿಗೆ ವಿರೋಧವೇನೂ ಬರಲಿಲ್ಲ. ಪಾಪು "ನಾನೂ ಬರ್ಲಾ?" ಎಂದರೆ, "ನಾಳೆ ನೋಡೋಣ" ಎನ್ನುವಳು. ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ, ನೀರಿನ ತಂಬಿಗೆ ಇಟ್ಟು, ಅವನಿಗೆ ಬೇಜಾರಾಗದಿರಲೆಂದು ರೇಡಿಯೋ ಜೋರಾಗಿ ಹಾಕಿ ಹೋಗುವಳು. ಸ್ವಿಚ್ ಮುಟ್ಟಬಾರದೆಂಬುದು ಇನ್ನೊಂದು ಕಾನೂನು. ಬರುವಷ್ಟರಲ್ಲಿ ರೇಡಿಯೋ ಕಂಬಳಿಯೊಳಗೆ ಮಲಗಿರುತ್ತಿತ್ತು. "ನಮ್ ಪಾಪು ರೇಡಿಯೋಗೂ ಹೊದಿಸ್ತಾನೆ, ಚಳಿ ಅಂತೆ!" ಎಂದು ಅಕ್ಕ ನೆಂಟರನ್ನು ನಗಿಸುತ್ತಿದ್ದಳು.

ಹೀಗಿರುವಾಗ ಬೈಂಡಿಂಗ್ ಟೀಚರ್ ಗಂಟುಬಿದ್ದಳು. ಪಾಪುವಿನಂಥವರಿಗೂ ಉಳಿದವರಿಗೂ ಒಂದೇ ಕೋಣೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿಸುವವಳು. ಅವಳ ಒತ್ತಾಯಕ್ಕೆ ಅಕ್ಕ ಪಾಪುವನ್ನು ಅಲ್ಲಿಗೆ ಕರೆದೊಯ್ದರೆ, ಗದ್ದಲ ತಟ್ಟದಿರಲೆಂದು ಟೀಚರ್ ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿದ್ದಳು.

"ಹೀಗೆ ಗೋಡೆ ನೋಡ್ಕೊಂಡು ಕೂತ್ರೆ ಇವನು ಸರಿಹೋಗೋದು ಯಾವಾಗ?" ಎಂದು ಅಕ್ಕ ಕೇಳಿದಳು.

"ಕುರ್ಚಿ ಸರಿಯಾಯ್ತಲ್ಲ ಅಕ್ಕ. ಅವರು ಹೇಗಿದಾರೋ ಹಾಗೇ ಇರ್ಲಿ."

ಕೆಲವು ವಾರ ಟೀಚರೇ ಬಂದು ಪಾಪುವಿನ ಜೊತೆ ನಡೆದು ದಾರಿ ರೂಢಿ ಮಾಡಿಸಿದಳು. ಆಮೇಲೆ ಒಂದು ಬಾಂಬು ಹಾಕಿದಳು: "ನಾಳೆಯಿಂದ ಒಬ್ರೇ ಬರ್ಲಿ. ಕೀಲಿ ಅವರ ಹತ್ರ ಇರ್ಲಿ. ಮನೆಗೆ ವಾಪಸ್ ಬರೋ ಮನುಷ್ಯನ ಕೈಲಿ ಕೀಲಿ ಇರ್ಬೇಕಲ್ವಾ?"

ಅಕ್ಕ ಕರುಳು ಕಿತ್ತುಕೊಟ್ಟಂತೆ ಕೀಲಿ ಕೊಟ್ಟಳು. ಆದರೆ ಅವಳದೇ ಒಂದು ಹಂಚಿಕೆ ಇತ್ತು: ಕೊಡೆ ಅಡ್ಡ ಹಿಡಿದು, ಕಂಬದಿಂದ ಕಂಬಕ್ಕೆ ಅವಿತುಕೊಂಡು, ದಾರಿಯುದ್ದಕ್ಕೂ ಅವನ ಹಿಂದೆ ಹೋಗುವುದು. ಬೆಳಿಗ್ಗೆ ಪಾಪು ಹೊರಟ. ಅಕ್ಕ ಕೊಡೆ ಹುಡುಕಿ, ಚಪ್ಪಲಿಗೆ ಬಗ್ಗಿದ್ದಳಷ್ಟೆ. ಹೊರಗೆ ಟಕ್ ಎಂದಿತು.

"ಪಾಪೂ! ತೆಗಿಯೋ! ನಾನು ಒಳಗೇ ಇದೀನಿ!"

"ಗೊತ್ತು. ಬೀದಿ ಒಳ್ಳೇದಲ್ಲ ಅಕ್ಕ."

ಹೆಜ್ಜೆ ದೂರವಾಯಿತು. ಅಕ್ಕನ ಕೂಗಿಗೆ ಕಿಟಕಿಯ ಹತ್ತಿರ ಬಂದವರು ಮ್ಯಾನೇಜರರು.

"ಗಾಬರಿಯಾಗ್ಬೇಡಿ. ಇಡೀ ಸರ್ವಿಸು ತಿಜೋರಿ ಜೊತೆ ಕಳೆದವನು ನಾನು."

"ಹಾಗಾದ್ರೆ ತೆಗೀರಿ!"

"ಕಾಯೋದು ಗೊತ್ತು ಅಕ್ಕ. ತೆಗಿಯೋದು ಬೇರೆ ಡಿಪಾರ್ಟ್‌ಮೆಂಟು. ಒಡೆಸ್ಲಾ?"

ಒಡೆಸಿ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಸಂಜೆ ಬಂದು ಕೀಲಿ ಹಾಕಲು ಹೋದವನಿಗೆ ಬೀಗವೇ ಇಲ್ಲದಿದ್ದರೆ? ಇವತ್ತು ಕೆಟ್ಟರೆ ಅವನು ಇನ್ನೆಂದೂ ಹೊಸ್ತಿಲು ದಾಟುವವನಲ್ಲ. "ಬೇಡ," ಎಂದಳು. ಮ್ಯಾನೇಜರರು "ಎಂಥಾ ತ್ಯಾಗ!" ಎಂದರು. ಜೀವನದಲ್ಲಿ ಮೊದಲ ಸಲ ಅಕ್ಕ ಅವರ ಮುಖದ ಮೇಲೆ ಕಿಟಕಿ ಹಾಕಿಕೊಂಡಳು.

ಟೀಚರಿಗೆ ಫೋನ್ ಮಾಡಿದರೆ, "ಇನ್ನೂ ಬಂದಿಲ್ಲ." ಆ ಪಂಪು, ಆ ಒಡೆದ ತುಟಿ ಎರಡೂ ಕಣ್ಣ ಮುಂದೆ ಬಂದವು. ಬಾಗಿಲು ಗುದ್ದಿದಳು. ಹಿತ್ತಿಲ ಬಾಗಿಲಿನ ಮೊಳೆಯನ್ನು ಕತ್ತರಿಯಿಂದ ಮೀಟಿ ಕತ್ತರಿಯ ಮೂತಿ ಮುರಿದಳು. ಯುಗ ಕಳೆದ ಮೇಲೆ ಫೋನ್ ಬಂತು. "ಬಂದ್ರು ಅಕ್ಕ. ಅಂಟು ಕಲಸ್ತಾ ಇದಾರೆ."

"ಬೀಗ ಹಾಕ್ಕೊಂಡು ಹೋಗಿದಾನೆ ಕಣಮ್ಮಾ! ಈಗಲೇ ಕಳಿಸು!"

ಟೀಚರ್ ನಗು ನುಂಗಿಕೊಂಡದ್ದು ಕೇಳಿಸಿತು. "ಕೆಲಸದ ಮಧ್ಯೆ ಎಬ್ಬಿಸಿದ್ರೆ ಅವರಿಗೆ ದಿನವಿಡೀ ಸಂಕಟ, ಎಬ್ಬಿಸ್ಬೇಡಿ ಅಂತ ನೀವೇ ತಾನೇ ಹೇಳಿದ್ದು? ತೀರಾ ಆಗಲ್ಲ ಅಂದ್ರೆ ಹೇಳಿ, ಎಬ್ಬಿಸ್ತೀನಿ."

ಅಕ್ಕ ಮೂತಿ ಮುರಿದ ಕತ್ತರಿಯನ್ನು ಕೆಳಗಿಟ್ಟಳು. "ಬೇಡ ಬಿಡು."

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಮೆಷಿನ್ ಮುಂದೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಎದ್ದು ಬಂದು ಕಿಟಕಿ ತೆರೆದು ಸರಳು ಹಿಡಿದು ನಿಂತಳು. ಒಂದು ಸರಳಿನಲ್ಲಿ, ಅವಳ ತಲೆಗಿಂತ ಮೇಲೆ, ಒಂದು ಮುಷ್ಟಿಯಷ್ಟು ಬಣ್ಣ ಹೋಗಿ ಕಬ್ಬಿಣ ನುಣ್ಣಗೆ ಹೊಳೆಯುತ್ತಿತ್ತು. ಜಿಡ್ಡೆಂದು ಅದನ್ನು ಎಷ್ಟೋ ಸಲ ಉಜ್ಜಿ ತೊಳೆದಿದ್ದಳು. ಈಗ ತುದಿಗಾಲಲ್ಲಿ ನಿಂತು ಅಲ್ಲಿಗೆ ಕೈ ಹಾಕಿದಳು. ಪಾಪುವಿನ ಎತ್ತರ ಅಷ್ಟು.

ತಿರುಗಿದರೆ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ, ನೀರಿನ ತಂಬಿಗೆ. ಅವಳು ಇಟ್ಟದ್ದಲ್ಲ. ರೇಡಿಯೋ ಮಾತ್ರ ಕಾಣಲಿಲ್ಲ. ಹುಡುಕಿದಾಗ ಬೀರುವಿನ ಒಳಗೆ ಸಿಕ್ಕಿತು. ಒಂದಲ್ಲ, ಮನೆಯಲ್ಲಿದ್ದ ಎರಡೂ ಕಂಬಳಿ ಸುತ್ತಿ ಇಟ್ಟಿದ್ದ. ಅಕ್ಕನಿಗೆ ಬೇಜಾರಾಗದಿರಲೆಂದು.

ಬಿಸಿಲು ಇಳಿದ ಮೇಲೆ ಬೀಗ ಸದ್ದು ಮಾಡಿತು. ಪಾಪು ಒಳಗೆ ಬಂದ. ಬೆರಳ ತುಂಬ ಒಣಗಿದ ಅಂಟು.

"ಬಂದ್ಬಿಟ್ಟೆ ನೋಡು. ಹೆದರಿದ್ಯಾ?" ಎಂದ. ಮಾತೂ ಅವಳದೇ, ರಾಗವೂ ಅವಳದೇ.

ಬಯ್ಯಲು ದಿನವಿಡೀ ಕೂಡಿಸಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ನಾಳೆಯಿಂದ ಬೀಗ ಹಾಕ್ಬೇಡ ಪಾಪು," ಎಂದಳು.

"ಬೀದಿ ಒಳ್ಳೇದಲ್ಲ."

ಹೌದೆಂದರೆ ಅವನನ್ನು ಮತ್ತೆ ಒಳಗೆ ಕೂರಿಸಬೇಕು. ಅಲ್ಲವೆಂದರೆ ಇಷ್ಟು ವರ್ಷ ಹೇಳಿದ್ದೇನು?

"ಬೀದಿ ಪರವಾಗಿಲ್ಲ ಕಣೋ."

ಪಾಪು ಗೋಡೆ ನೋಡುತ್ತ ಯೋಚಿಸಿದ. "ಯಾವಾಗಿಂದ?"

ಅಕ್ಕ ಸೋತು, "ನನಗೂ ಹೊರಗೆ ಹೋಗ್ಬೇಕು ಅನ್ಸುತ್ತೆ ಕಣೋ" ಎಂದಳು.

ಪಾಪು ಕೀಲಿಯ ದಾರವನ್ನು ಕೊರಳಿನಿಂದ ತೆಗೆಯಲಿಲ್ಲ. ಅವಳ ಬೆನ್ನು ಮೆಲ್ಲಗೆ ತಟ್ಟಿದ.

"ನಾಳೆ ನೋಡೋಣ," ಎಂದ.

ಆ ನಾಳೆ ಎಷ್ಟು ದೂರವೆಂಬುದು ಆ ಮನೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.