ನಾಲ್ಕಕ್ಕಲ್ಲ, ಎರಡಕ್ಕೆ

ಗೇರ್ ತಪ್ಪಿಸಿದ್ದು ನನ್ನ ಎಡಗೈ. ಮುನೀರ್ ಭಾಯ್ ಮಾಡಿದ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ. ಆ ತಪ್ಪನ್ನು ಅವರ ತಲೆಗೆ ಕಟ್ಟಿ ಎಂಟು ವರ್ಷ ಸುಮ್ಮನಿದ್ದವಳು ನಾನು.

ಅವರದು ಶಿವಾಜಿನಗರದ ಗಲ್ಲಿಯಲ್ಲಿ ಒಂದು ಗ್ಯಾರೇಜು. ಲಿಂಗರಾಜಪುರದಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದ ನನಗೆ ಡ್ರ್ಯಾಗ್ ರೇಸಿನ ಹುಚ್ಚು ಹಿಡಿಸಿದವರು ಅವರೇ. ಕಾಲು ಮೈಲಿ ನೇರ ರಸ್ತೆ, ಪಕ್ಕದಲ್ಲಿ ಇನ್ನೊಂದು ಕಾರು, ಮೊದಲು ಕೊನೆ ಮುಟ್ಟಿದವರು ಗೆದ್ದಂತೆ. ಕ್ಲಚ್ಚನ್ನು ಎಂಜಿನ್ ಕಚ್ಚಿಕೊಳ್ಳುವ ಜಾಗಕ್ಕೆ ತಂದು ಕಾಯುವುದು, ಹಸಿರು ದೀಪಕ್ಕೆ ಬಿಡುವುದು, ಆದರೆ ಒಮ್ಮೆಲೇ ಬಿಡದಿರುವುದು — ತಿಂಗಳುಗಟ್ಟಲೆ ಕಲಿಸಿದರು. ಗೇರಿನ ವಿಷಯದಲ್ಲಿ ಮಾತ್ರ ಒಂದೇ ಮಾತು: "ರಾಡ್ ಬಿಗಿಯಾಗಿ ಹಿಡೀಬೇಡ ಬೇಟಾ. ಬೆರಳಲ್ಲಿ ನೇರ ಎಳಿ. ಭಯದಲ್ಲಿ ಹಿಡಿದ್ರೆ ಕೈ ಎಲ್ಲಿಗೋ ಹೋಗುತ್ತೆ."

ಭಯವಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಅಂದು ಊರಾಚೆಯ ಹಳೆಯ ರನ್‌ವೇಯಲ್ಲಿ, ಬೆಳಗಿನ ಬಿಸಿಲಲ್ಲಿ, ಗೆರೆಯ ಮೇಲೆ ಕಾರು ನಿಲ್ಲಿಸಿದೆ. ಇಳಿದುಬಿಡಲೇ — ಎನ್ನುವಷ್ಟರಲ್ಲಿ ದೀಪ ಹಸಿರಾಯಿತು. ಕಾರು ಚೆನ್ನಾಗಿಯೇ ಹೊರಟಿತು. ಒಂದು, ಎರಡು, ಮೂರನೇ ಗೇರು. ಪಕ್ಕದ ಕಾರಿನ ಸದ್ದು ಕಿವಿಗೇ ಅಪ್ಪಳಿಸುತ್ತಿತ್ತು, ಅದು ನನ್ನ ಮೇಲೇ ಬರುತ್ತಿದೆ ಅನ್ನಿಸಿತು. ನಾಲ್ಕಕ್ಕೆ ನೇರ ಹಿಂದಕ್ಕೆ ಎಳೆಯಬೇಕಿದ್ದ ರಾಡನ್ನು ಮುಷ್ಟಿಯಲ್ಲಿ ಹಿಡಿದೆ, ಎಡಕ್ಕೆ ವಾಲಿಸಿ ಹಿಂದಕ್ಕೆ ಎಳೆದೆ. ಬಿದ್ದದ್ದು ಎರಡನೇ ಗೇರು. ಕ್ಲಚ್ ಬಿಟ್ಟ ಕ್ಷಣ ಎಂಜಿನ್ ಕಿರುಚಿತು, ಮುಂದಿನ ಚಕ್ರಗಳು ಕಚ್ಚಿ ನಿಂತವು, ಕಾರು ಗಿರ್ರನೆ ತಿರುಗಿ ಟೈರುಗಳ ಗೋಡೆಗೆ ಬಡಿಯಿತು.

ಆಸ್ಪತ್ರೆಯಲ್ಲಿ, ಮುರಿದ ಹೆಗಲ ಮೂಳೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ. ನಮ್ಮ ರೇಸಿನ ಗುಂಪಿನ ಐದು ಜನ ಸುತ್ತ ನಿಂತಿದ್ದರು. ಏನಾಯಿತೆಂದು ಮುನೀರ್ ಭಾಯ್ ಕೇಳಿದರು. ಹಿಂದಿನ ದಿನವಷ್ಟೇ ಗೇರ್ ರಾಡನ್ನು ಕೆಳಗೆ ಬಿಗಿಯಾಗಿಡುವ ಬುಷ್ ಬದಲಿಸಿದ್ದರು — ಅದು ಸಡಿಲವಾದರೆ ಗೇರು ಎಲ್ಲೆಲ್ಲೋ ಬೀಳುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ನಾಲ್ಕಕ್ಕೇ ಎಳ್ದೆ ಭಾಯ್. ರಾಡೇ ಸಡಿಲ ಆಗಿತ್ತು."

ಅವರ ಮುಖ ಬಿಳುಚಿತು. ಎಲ್ಲರ ಮುಂದೆ, ತಪ್ಪು ತಮ್ಮದೇ ಎಂದರು. ಕಾರನ್ನು ಬಿಚ್ಚಿ ನೋಡಬಹುದಿತ್ತು. ಆದರೆ ಮುಂಭಾಗವೆಲ್ಲ ಜಜ್ಜಿಹೋಗಿತ್ತು, ಯಾವುದು ಮೊದಲು ಕಳಚಿತ್ತೆಂದು ಹೇಳುವಂತಿರಲಿಲ್ಲ. ಅದೂ ನನಗೆ — ಹೌದು, ಸಮಾಧಾನವಾಗಿತ್ತು.

ಆಮೇಲೆ ಅವರು ಎಂಜಿನ್ ಮುಟ್ಟಲಿಲ್ಲ. ಗ್ಯಾರೇಜನ್ನು ತಮ್ಮನಿಗೆ ಬಿಟ್ಟು, ಅದೇ ಗಲ್ಲಿಯಲ್ಲಿ ಕಾರಿನ ಸೀಟ್ ಕವರ್ ಹೊಲಿಯಲು ಕುಳಿತರು. ಹೋದ ವಾರ ಅವರ ಮಗಳು ಕಾರು ಕಲಿಯಲು ನನ್ನಲ್ಲಿಗೆ ಬಂದಳು. ಅವಳ ಅಬ್ಬಾ ಈಗಲೂ ನಿದ್ದೆಯಲ್ಲಿ ನನ್ನ ಹೆಸರು ಕೂಗಿ ಏಳುತ್ತಾರಂತೆ. ತಾವೇ ನನ್ನನ್ನು ಕೊಂದ ಹಾಗೆ ಕನಸಂತೆ.

ಅಂದು ಮಧ್ಯಾಹ್ನವೇ ಅವರಲ್ಲಿಗೆ ಹೋದೆ. ರನ್‌ವೇಯಲ್ಲೂ ಅಷ್ಟು ಹೆದರಿರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಹೊಲಿಗೆ ಮೆಷಿನ್ನಿನಿಂದ ಕೈ ತೆಗೆದು ತಮ್ಮ ಬೆರಳುಗಳನ್ನೇ ನೋಡಿದರು.

"ಹಂಗಾದ್ರೆ ಬುಷ್ ನಾನು ಸರಿಯಾಗೇ ಹಾಕಿದ್ನಾ?"

ಹೌದು ಭಾಯ್ ಎಂದೆ. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ನಂಗಲ್ಲ. ಅವತ್ತು ಆಸ್ಪತ್ರೇಲಿ ನಿಂತಿದ್ರಲ್ಲ, ಅವ್ರಿಗೆ ಹೇಳು."

ನನ್ನನ್ನು ಕೂರಲು ಹೇಳಲಿಲ್ಲ. ಬೇಟಾ ಎನ್ನಲಿಲ್ಲ. ಇಬ್ಬರಿಗೆ ಫೋನ್ ಮಾಡಿ ಹೇಳಿದ್ದೇನೆ; ಒಬ್ಬ ಮಾತಾಡದೆ ಇಟ್ಟುಬಿಟ್ಟ. ಉಳಿದವರು ಮೂವರು. ಮೂವರ ನಂಬರೂ ಎದುರಿಗಿದೆ.